ಇಲ್ಲದ್ದಕ್ಕೇ ಬೆಲೆ ಇರುವ ಗಾಡಿ

ಮಾನ್ಯ ಸಂಪಾದಕರೇ,

ಹಳೆ ಸಣ್ಣ ಕಾರುಗಳನ್ನು ಸಂಗ್ರಹಿಸುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಪ್ಯೂಜೋ 205 ರ‍್ಯಾಲಿ ಎಂಬ ಫ್ರೆಂಚ್ ಕಾರಿಗೂ ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ಬರೆದವರು ಆ ಗಾಡಿಯಲ್ಲಿ ಏನೇನು ಇಲ್ಲ ಅಂತ ಪಟ್ಟಿ ಮಾಡಿ, ಅದನ್ನೆಲ್ಲ ಕೊರತೆ ಅಂತ ಲೆಕ್ಕ ಹಾಕಿದ್ದಾರೆ. ಪವರ್ ವಿಂಡೋ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಸದ್ದು ತಡೆಯುವ ಹೊದಿಕೆ ಇಲ್ಲ, ಅಲಾಯ್ ವೀಲ್ ಇಲ್ಲ. ಕೊನೆಗೆ ಕೊಳ್ಳುವವರಿಗೆ ಒಂದು ಸಲಹೆ ಬೇರೆ: ಇವನ್ನೆಲ್ಲ ಆಮೇಲೆ ಹಾಕಿಸಿ, ಹೊಸ ಪೇಂಟ್ ಹೊಡೆಸಿದ ಗಾಡಿ ಸಿಕ್ಕರೆ ಬಿಡಬೇಡಿ ಅಂತ. ಅಂಥ ಗಾಡಿ ಕಂಡರೆ ದೂರ ಇರಿ ಎಂದು ಹೇಳುವುದಕ್ಕೇ ಈ ಪತ್ರ.

ನಾನಿರುವುದು ಫ್ರಾನ್ಸಿನ ಮುಲೂಸ್‌ನಲ್ಲಿ. ಇಲ್ಲಿನ ಕಾರ್ಖಾನೆಯಲ್ಲೂ 205 ತಯಾರಾಗುತ್ತಿತ್ತು. ನಮ್ಮ ಮನೆಯಲ್ಲೂ ಒಂದು ಬಿಳಿ 205 ರ‍್ಯಾಲಿ ಇದೆ. ಓಡಿಸುವವರು ನಮ್ಮ ಯಜಮಾನರು. ಪಕ್ಕದ ಸೀಟಿನಲ್ಲಿ ದಾರಿ ಪುಸ್ತಕ, ಸ್ಟಾಪ್‌ವಾಚ್ ಹಿಡಿದು ಕೂರುವವಳು ನಾನು. ಹಳೆ ಕಾರುಗಳಿಗೆಂದೇ ಇಲ್ಲಿ ರೆಗ್ಯುಲಾರಿಟಿ ರ‍್ಯಾಲಿಗಳು ನಡೆಯುತ್ತವೆ. ಯಾರು ಮೊದಲು ಮುಟ್ಟುತ್ತಾರೆ ಅನ್ನುವ ಪೈಪೋಟಿ ಅಲ್ಲ ಅದು. ಮೊದಲೇ ಗೊತ್ತುಮಾಡಿದ ಸರಾಸರಿ ವೇಗವನ್ನು ಸೆಕೆಂಡು ತಪ್ಪದಂತೆ ಕಾಯ್ದುಕೊಂಡು ಹೋಗಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ಬೆಟ್ಟದ ದಾರಿಯಲ್ಲಿ ತಪ್ಪು ತಿರುವು ತೆಗೆದುಕೊಂಡರೆ ಬೈಗುಳ ತಿನ್ನುವವಳೂ ನಾನೇ ಅನ್ನಿ.

ಈ ಗಾಡಿ ಯಾಕೆ ಹೀಗೆ ಬೋಳಾಗಿದೆ ಅನ್ನುವುದಕ್ಕೆ ಕಾರಣ ಇದೆ. 205 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅದೇ ಹೆಸರಿನ ಟರ್ಬೊ 16 ಎಂಬ ರ‍್ಯಾಲಿ ಕಾರು 1985 ಮತ್ತು 1986ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದಿತು. ಮೊದಲ ವರ್ಷ ಟಿಮೊ ಸಲೋನೆನ್, ಮರುವರ್ಷ ಯುಹಾ ಕಾಂಕುನೆನ್ ಚಾಲಕರ ಪಟ್ಟಕ್ಕೇರಿದರು. ಆದರೆ ಟರ್ಬೊ 16ರ ಇಂಜಿನ್ ಇದ್ದದ್ದು ಸೀಟಿನ ಹಿಂದೆ. ಶಕ್ತಿ ಹೋಗುತ್ತಿದ್ದದ್ದು ನಾಲ್ಕೂ ಚಕ್ರಕ್ಕೆ. ಷೋರೂಮಿನಲ್ಲಿ ನಿಂತ 205ಕ್ಕೂ ಅದಕ್ಕೂ ಮುಖ ಒಂದೇ ಥರ ಇತ್ತು, ಅಷ್ಟೇ. ಸ್ಪರ್ಧೆಯ ನಿಯಮಕ್ಕಾಗಿ ರಸ್ತೆಗೆ ಬಿಟ್ಟದ್ದು ಬರೀ 200 ಗಾಡಿ. 1986ರಲ್ಲಿ ಕಾರ್ಸಿಕಾ ರ‍್ಯಾಲಿಯಲ್ಲಿ ಲ್ಯಾನ್ಸಿಯಾ ಕಾರು ಕಣಿವೆಗೆ ಬಿದ್ದು ಹೆನ್ರಿ ತೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ಟೊ ತೀರಿಕೊಂಡರು. ಆ ವರ್ಷದ ಕೊನೆಗೆ ಟರ್ಬೊ 16 ಥರದ, ಗ್ರೂಪ್ ಬಿ ಅನ್ನುವ ವರ್ಗದ ಕಾರುಗಳಿಗೇ ಬಾಗಿಲು ಹಾಕಿದರು. ಕ್ರೆಸ್ಟೊ ಪಕ್ಕದ ಸೀಟಿನವರು. ಅವರ ಹೆಸರು ಬರೆಯುವವರು ಕಡಿಮೆ, ನಾನಾದರೂ ಬರೆಯುತ್ತೇನೆ.

1988ರಲ್ಲಿ ಬಂದ 205 ರ‍್ಯಾಲಿಯ ಲೆಕ್ಕಾಚಾರವೇ ಬೇರೆ. ಇದು ಚಾಂಪಿಯನ್ನರಿಗೆ ಮಾಡಿದ ಕಾರಲ್ಲ. ಜೇಬಿನಲ್ಲಿ ಜಾಸ್ತಿ ದುಡ್ಡಿಲ್ಲದೆ, ಆದರೂ ವಾರದ ಕೊನೆಗೆ ರ‍್ಯಾಲಿಗೆ ಇಳಿಯಲೇಬೇಕು ಅನ್ನುವ ಹುಡುಗರಿಗೆ ಮಾಡಿದ್ದು. ರ‍್ಯಾಲಿಯಲ್ಲಿ ಕಾರುಗಳನ್ನು ಇಂಜಿನ್ನಿನ ಸಿಸಿ ನೋಡಿ ವರ್ಗ ಮಾಡುತ್ತಾರೆ. 1300 ಸಿಸಿ ಒಳಗಿನದು ಒಂದು ವರ್ಗ. ಈ ಇಂಜಿನ್ 1294 ಸಿಸಿ ಇರುವುದು ಅದಕ್ಕೇ. ಆಗಿನ ನಿಯಮದಂತೆ ಸ್ಪರ್ಧೆಗೆ ಒಪ್ಪಿಗೆ ಸಿಗಬೇಕಾದರೆ ಹನ್ನೆರಡು ತಿಂಗಳಲ್ಲಿ 5,000 ಗಾಡಿ ಮಾಡಬೇಕಿತ್ತು. ಕಂಪನಿ ಅಷ್ಟಕ್ಕೆ ನಿಲ್ಲಿಸಲಿಲ್ಲ. ಜನ ಕೇಳುತ್ತಲೇ ಹೋದರು. 1992ರ ಹೊತ್ತಿಗೆ ಹತ್ತಿರ ಹತ್ತಿರ 30 ಸಾವಿರ ಗಾಡಿ ಹೊರಬಂದಿದ್ದವು.

ಹೆಸರೂ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಫ್ರಾನ್ಸಿನ ಸಿಮ್ಕಾ ಕಂಪನಿಯ 1000 ರ‍್ಯಾಲಿ ಇತ್ತು. 1978ರಲ್ಲಿ ಪ್ಯೂಜೋ ಆ ಕಂಪನಿಯನ್ನು ಕೊಂಡುಕೊಂಡಿತು. ಆಮೇಲೆ ಪ್ಯೂಜೋದವರ ಟಾಲ್ಬಾಟ್ ಹೆಸರಿನಲ್ಲಿ ಸಾಂಬಾ ರ‍್ಯಾಲಿ ಬಂತು. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ. ಸಣ್ಣ ಇಂಜಿನ್, ಕಡಿಮೆ ಬೆಲೆ, ಹಗುರ ಮೈ, ಈ ಮೂರೂ ಆ ಮನೆತನದಿಂದ ಬಂದದ್ದು.

ಈಗ ಇಲ್ಲದ್ದರ ಪಟ್ಟಿಗೆ ಬರೋಣ. ಗಾಡಿಯ ತೂಕ 800 ಕಿಲೋಗಿಂತ ಒಂದಿಷ್ಟು ಕಡಿಮೆ. ಸದ್ದಿನ ಹೊದಿಕೆ ಕಿತ್ತರು, ತೂಕ ಇಳಿಯಿತು. ಕಿಟಕಿಗೆ ಮೋಟಾರ್ ಬೇಡ ಅಂದರು, ಇನ್ನಷ್ಟು ಇಳಿಯಿತು. ಅಲಾಯ್ ಬದಲು ಬಿಳಿ ಬಣ್ಣ ಬಳಿದ 13 ಇಂಚಿನ ಕಬ್ಬಿಣದ ಚಕ್ರ ಕೊಟ್ಟರು, ಬೆಲೆ ಇಳಿಯಿತು. ಕಲ್ಲಿಗೆ ಬಡಿದು ಸೊಟ್ಟಗಾದರೆ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಬಹುದು, ಅಲಾಯ್ ಆಗಿದ್ದರೆ ಬಿರುಕು ಬಿಡುತ್ತಿತ್ತು. ಆದರೆ ಎಲ್ಲಿ ದುಡ್ಡು ಹಾಕಬೇಕೋ ಅಲ್ಲಿ ಹಾಕಿದ್ದಾರೆ. ಮುಂದಿನ ಬ್ರೇಕು 205ರಲ್ಲೇ ವೇಗದ ಮಾದರಿಯಾದ ಜಿಟಿಐನದು. ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ವೆಬರ್ ಕಾರ್ಬುರೇಟರ್ ಎರಡು. ಒಂದೊಂದಕ್ಕೂ ಎರಡೆರಡು ಬಾಯಿ. ಅಂದರೆ ನಾಲ್ಕು ಸಿಲಿಂಡರಿಗೆ ನಾಲ್ಕು ಬಾಯಿ, ಯಾರೂ ಯಾರ ಗಾಳಿಯನ್ನೂ ಹಂಚಿಕೊಳ್ಳುವ ಹಾಗಿಲ್ಲ. 1.3 ಲೀಟರಿನ ಇಂಜಿನ್ನಿಂದ ನೂರು ಚಿಲ್ಲರೆ ಕುದುರೆ ಶಕ್ತಿ ಬರುವುದು ಹೀಗೆ.

ಆ ಶಕ್ತಿ ಸುಮ್ನೆ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ, ತುದಿ ಮುಟ್ಟುವುದು 5,000 ಆರ್‌ಪಿಎಂ ಹತ್ತಿರ, ಪೂರ್ತಿ ಶಕ್ತಿ 6,800ರಲ್ಲಿ. ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ನಿದ್ದೆಗಣ್ಣಿನಲ್ಲೇ ಇರುತ್ತದೆ. ನಾಲ್ಕು ಸಾವಿರ ದಾಟಿತೋ, ಬಾನೆಟ್ ಅಡಿಯಿಂದ ಗಾಳಿ ಎಳೆದುಕೊಳ್ಳುವ ಸದ್ದು ಏಳುತ್ತದೆ. ಹೊದಿಕೆ ಇಲ್ಲದ್ದರಿಂದ ಆ ಸದ್ದು ನೇರ ಒಳಗೆ ಬರುತ್ತದೆ. ಜತೆಗೆ ಟಯರ್ ಎತ್ತಿ ಎಸೆದ ಜಲ್ಲಿ ತಳಕ್ಕೆ ಬಡಿಯುವ ಸದ್ದು. ಬಡಿತದ ಜೋರು ಕೇಳಿಯೇ ರಸ್ತೆಯ ಅಂಚಿಗೆ ಎಷ್ಟು ಸರಿದಿದ್ದೇವೆ ಅಂತ ನಾನು ದಾರಿ ಪುಸ್ತಕದಿಂದ ತಲೆ ಎತ್ತದೆ ಹೇಳಬಲ್ಲೆ. ಹೊದಿಕೆ ಹಾಕಿಸಿದ ಗಾಡಿಯಲ್ಲಿ ಇದು ಸಾಧ್ಯವೇ ಇಲ್ಲ.

ಮುಲೂಸ್ ಪಕ್ಕದಲ್ಲೇ ವೋಜ್ ಬೆಟ್ಟಸಾಲು. ಅದರ ಎತ್ತರದ ಶಿಖರ ಗ್ರಾಂ ಬಾಲೋಂ, 1,424 ಮೀಟರ್. ಅಲ್ಲಿಂದ ಇಳಿಯುವ ತಿರುವುಗಳಲ್ಲಿ ಈ ಗಾಡಿಯ ಇನ್ನೊಂದು ಗುಣ ಗೊತ್ತಾಗುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮೊದಲೇ ಹಗುರವಾದ ಹಿಂಭಾಗ ಇನ್ನೂ ಹಗುರವಾಗಿ ಹೊರಗೆ ಜಾರುತ್ತದೆ. ಗೊತ್ತಿದ್ದವರಿಗೆ ಇದು ಮೂಗನ್ನು ಒಳಗೆ ತಿರುಗಿಸುವ ಉಪಾಯ. ಗೊತ್ತಿಲ್ಲದವರಿಗೆ ಮರ ಕಾದಿರುತ್ತದೆ. ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ, ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಯಾವುದೂ ಕಾಪಾಡಲು ಬರುವುದಿಲ್ಲ. ನಿಮ್ಮ ಲೇಖನ ಇದನ್ನು ಹೇಳದೆ 'ನಗರಕ್ಕೆ ಹೇಳಿ ಮಾಡಿಸಿದ ಗಾಡಿ' ಅಂದಿದೆ. ನಗರದಲ್ಲಿ ಪಾರ್ಕಿಂಗ್‌ಗೆ ಸ್ಟೀರಿಂಗ್ ತಿರುಗಿಸುವಾಗ ತೋಳು ಬಿದ್ದುಹೋಗುತ್ತದೆ, ಕೇಳಿ ನಮ್ಮ ಯಜಮಾನರನ್ನು.

ಗೆಳೆಯರೊಬ್ಬರಿಗೆ ಗಾಡಿ ನೋಡಲು ಈಚೆಗೆ ನಾವೂ ಜತೆಗೆ ಹೋಗಿದ್ದೆವು. ಮಾರುವವರು ನಿಮ್ಮ ಲೇಖನ ಹೊಗಳಿದಂಥದ್ದೇ ಗಾಡಿ ತಂದು ನಿಲ್ಲಿಸಿದರು. ಕನ್ನಡಿಯಂಥ ಪೇಂಟ್. ಜಿಟಿಐನ ಅಲಾಯ್ ಚಕ್ರ. ಕೆಂಪು ಕಾರ್ಪೆಟ್ ಕಿತ್ತು ಬೂದು ಬಣ್ಣದ್ದು ಹಾಕಿದ್ದರು. ಈ ಮಾದರಿಯ ಗುರುತೇ ಆ ಕೆಂಪು ಕಾರ್ಪೆಟ್! ಹಿಂದೆ ದೊಡ್ಡ ಸ್ಪೀಕರ್. ಬೆಲೆ ಮಾತ್ರ ಹೊಸ ಸಣ್ಣ ಕಾರಿನದು. ಯಜಮಾನರು ಏನೂ ಮಾತಾಡದೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಚಕ್ರ ನೋಡಿದರು. ಎರಡೂ ಹಿಂದಿನ ಚಕ್ರಗಳ ತಲೆ ಒಳಗೆ ವಾಲಿತ್ತು. ಮೇಲೆ ಥಳುಕು, ಒಳಗೆ ಹುಳುಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ 205ರ ಯಾವ ಮಾದರಿ ಕೊಂಡರೂ ಬೇಕಾಗುವ ವಿಷಯ. ಈ ಕಾರಿನ ಹಿಂಭಾಗದಲ್ಲಿ ಅಡ್ಡಕ್ಕೆ ಒಂದು ದಪ್ಪ ಕೊಳವೆ ಇದೆ. ಚಕ್ರ ಹಿಡಿದ ತೋಳುಗಳು ಆ ಕೊಳವೆಯ ಎರಡು ತುದಿಯಲ್ಲಿ ಸೂಜಿ ಬೇರಿಂಗ್ ಮೇಲೆ ತಿರುಗುತ್ತವೆ. ಸ್ಪ್ರಿಂಗ್ ಬದಲು ತಿರುಚುವ ಸರಳುಗಳು. ವರ್ಷ ಕಳೆದಂತೆ ಸೀಲ್ ಹಾಳಾಗಿ ನೀರು ಒಳಗೆ ಹೋಗುತ್ತದೆ, ಗ್ರೀಸ್ ಒಣಗುತ್ತದೆ, ಬೇರಿಂಗ್ ತುಕ್ಕು ಹಿಡಿದು ಒಳಗಿನ ಶಾಫ್ಟನ್ನೇ ತಿನ್ನುತ್ತದೆ. ಆಗ ತೋಳು ಸಡಿಲವಾಗಿ ಚಕ್ರ ಒಳಗೆ ವಾಲುತ್ತದೆ. ಹಿಂಭಾಗವನ್ನು ಕೈಯಿಂದ ಒತ್ತಿ ಬಿಟ್ಟರೆ ಕಿರ್ ಅನ್ನುತ್ತದೆ. ಇಡೀ ಆಕ್ಸೆಲ್ ಇಳಿಸಿ ರಿಪೇರಿ ಮಾಡಿಸಬೇಕು. ಪೇಂಟಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಬೇಕು. ಆದರೆ ಫೋಟೊದಲ್ಲಿ ಕಾಣುವುದು ಪೇಂಟೇ ಅಲ್ವಾ?

ಕಾನೂನಿನ ಮಾತೂ ಒಂದಿದೆ. ಫ್ರಾನ್ಸಿನಲ್ಲಿ 30 ವರ್ಷ ದಾಟಿದ ಗಾಡಿಗೆ ಸಂಗ್ರಹ ವಾಹನ ಅಂತ ಬೇರೆ ನೋಂದಣಿ ಸಿಗುತ್ತದೆ. ಅದು ಸಿಕ್ಕರೆ ಕಡ್ಡಾಯ ತಪಾಸಣೆ ಎರಡು ವರ್ಷಕ್ಕೊಮ್ಮೆ ಬದಲು ಐದು ವರ್ಷಕ್ಕೊಮ್ಮೆ. ಆದರೆ ಷರತ್ತು ಏನೆಂದರೆ ಗಾಡಿಯ ಮೂಲ ಲಕ್ಷಣಗಳನ್ನು ಬದಲಿಸಿರಬಾರದು. ಅಂದಮೇಲೆ 'ಸುಧಾರಣೆ' ಅಂತ ದುಡ್ಡು ಸುರಿದು ತಂದುಕೊಳ್ಳುವುದು ತೊಂದರೆಯನ್ನೇ. ಮಾಮೂಲಿ ಮೂರು ಬಾಗಿಲಿನ 205ಕ್ಕೆ ಪಟ್ಟೆ ಅಂಟಿಸಿ ರ‍್ಯಾಲಿ ಅಂತ ಮಾರುವವರೂ ಇದ್ದಾರೆ. ಚಾಸಿ ನಂಬರ್ ಕೊಟ್ಟರೆ ಫ್ರಾನ್ಸಿನ ಸೋಶೋದಲ್ಲಿರುವ, ಪ್ಯೂಜೋ ಇತಿಹಾಸ ಕಾಯುವ ಲಾವೆಂಚೂರ್ ಪ್ಯೂಜೋ ಸಂಸ್ಥೆಯಿಂದ ದಾಖಲೆ ತರಿಸಿಕೊಳ್ಳಬಹುದು. ಅವರ ಮ್ಯೂಸಿಯಂ ಬಾಗಿಲು ತೆರೆದದ್ದೂ 1988ರಲ್ಲೇ.

ಸಂಗ್ರಹ ಅಂದರೆ ಬೀಗ ಹಾಕಿ ಇಡುವುದು ಅನ್ನುವ ಧಾಟಿಯೂ ಲೇಖನದಲ್ಲಿತ್ತು. ನಮ್ಮೂರಲ್ಲಿ ಅದಕ್ಕೂ ಇತಿಹಾಸ ಇದೆ. ಶ್ಲುಂಫ್ ಅಂತ ಇಬ್ಬರು ಅಣ್ಣತಮ್ಮಂದಿರು, ಉಣ್ಣೆ ಗಿರಣಿ ಮಾಲೀಕರು. ನೂರಾರು ಕಾರುಗಳನ್ನು, ಅದರಲ್ಲೂ ಬುಗಾಟ್ಟಿಗಳನ್ನು, ಗುಟ್ಟಾಗಿ ಕೊಂಡು ಗಿರಣಿಯೊಳಗೆ ಕೂಡಿಟ್ಟಿದ್ದರು. 1977ರಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಒಳನುಗ್ಗಿದಾಗ ಅವು ಕಣ್ಣಿಗೆ ಬಿದ್ದವು. ಈಗ ಅದು ರಾಷ್ಟ್ರೀಯ ಕಾರು ಮ್ಯೂಸಿಯಂ. ಬುಗಾಟ್ಟಿಯನ್ನು ಹಾಗೆ ನಿಲ್ಲಿಸಿ ನೋಡಬಹುದೇನೋ, ಅದರ ರೂಪ ಅಂಥದ್ದು. 205 ರ‍್ಯಾಲಿಯನ್ನು ನಿಲ್ಲಿಸಿಟ್ಟರೆ ಕಾಣುವುದು ಒಂದು ಸಣ್ಣ ಬಿಳಿ ಕಾರು, ಗ್ರಿಲ್ಲಿನ ಮೂಲೆಯಲ್ಲಿ ಬಣ್ಣದ ಪಟ್ಟೆ. ಓಡಿಸದೆ ಇಟ್ಟರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಒಣಗಿ ಜೆಟ್ ಎಂಬ ಸಣ್ಣ ತೂತು ಕಟ್ಟಿಕೊಳ್ಳುತ್ತದೆ, ಆ ಕೆಲಸ ಬೇರೆ.

ಕೊನೆಗೆ ಒಂದು ತಿದ್ದುಪಡಿ ಹಾಕಿ ಅಂತ ಕೋರಿಕೆ. ನೀವು ಹಾಕಿದ ಚಿತ್ರದಲ್ಲಿದ್ದದ್ದು ಬಿಳಿ ಗಾಡಿಯಲ್ಲ. ನಾನು ಹೇಳುತ್ತಿರುವ 1294 ಸಿಸಿಯ ರ‍್ಯಾಲಿ ಬಂದದ್ದು ಬಿಳಿಯಲ್ಲಿ ಮಾತ್ರ. ಬ್ರಿಟನ್‌ನಲ್ಲಿ 1994ರಲ್ಲಿ ಇದೇ ಹೆಸರಿನಲ್ಲಿ ಇನ್ನೊಂದು ಮಾರಿದರು. ಅದು 1360 ಸಿಸಿ, 75 ಕುದುರೆ ಶಕ್ತಿಯದು, ಜೋಡಿ ಕಾರ್ಬುರೇಟರ್ ಇಲ್ಲ. ಕೆಟ್ಟ ಗಾಡಿಯೇನಲ್ಲ, ಆದರೆ ಇದರ ಬೆಲೆ ಅದಕ್ಕೆ ಕೊಡಬಾರದು. ಅದೇ 1360 ಸಿಸಿ ಇಂಜಿನ್ ಕುಟುಂಬ ಬೇಕಿದ್ದರೆ ಮುಂಬೈ ಹತ್ತಿರದ ಕಲ್ಯಾಣದಲ್ಲಿ ತಯಾರಾದ ಪ್ಯೂಜೋ 309ರಲ್ಲೂ ಇತ್ತು. ಅದರ ಬಾಗಿಲುಗಳೂ 205ರವೇ.

ಯುರೋಪಿನಲ್ಲಿರುವ ನಿಮ್ಮ ಓದುಗರು ಯಾರಾದರೂ ಕೊಳ್ಳಲು ಹೊರಟಿದ್ದರೆ, ಹಿಂದಿನ ಚಕ್ರ ಜಾಕ್ ಹಾಕಿ ಎತ್ತಿ ತೋರಿಸಿ ಅಂತ ಮೊದಲೇ ಫೋನಿನಲ್ಲಿ ಕೇಳಿ. ಆಮೇಲೆ ನೋಡೋಣ ಅಂದರೆ ಪೆಟ್ರೋಲ್ ಖರ್ಚು ಮಾಡಿಕೊಂಡು ಅಷ್ಟು ದೂರ ಹೋಗಬೇಡಿ.

ಇಂತಿ,
ನಿಮ್ಮ ಓದುಗಳು
ಮುಲೂಸ್, ಫ್ರಾನ್ಸ್