ವೀಸಾ, ಶುಲ್ಕದ ಜೊತೆಗೆ ಊರಿನ ಪರಿಚಯವೂ ಇರಲಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದಲು ಹೊರಟವರಿಗಾಗಿ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಬರುವ ಲೇಖನಗಳನ್ನು ಕತ್ತರಿಸಿಟ್ಟುಕೊಂಡು ಜರ್ಮನಿಗೆ ಬಂದವಳು ನಾನು. ವೀಸಾ, ವಿಮೆ, ಬ್ಯಾಂಕ್ ಖಾತೆ, ಹಾಸ್ಟೆಲ್ ಎಲ್ಲದರ ವಿವರವೂ ಅವುಗಳಲ್ಲಿತ್ತು. ಎರಡು ವರ್ಷ ಬಾಳಬೇಕಾದ ಊರಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ನಾನಿರುವುದು ನೆಕ್ಕರ್ ನದಿಯ ದಂಡೆಯ ಟ್ಯೂಬಿಂಗನ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾಲಯ 1477ರಲ್ಲಿ ಆರಂಭವಾದದ್ದು. ಮೊದಲ ಆರು ತಿಂಗಳು ಪ್ರಯೋಗಾಲಯ, ಸೂಪರ್ ಮಾರ್ಕೆಟ್, ಬಸ್ ನಿಲ್ದಾಣ ಬಿಟ್ಟು ಬೇರೇನನ್ನೂ ನಾನು ಕಂಡಿರಲಿಲ್ಲ. ಒಂದು ದಿನ ನನ್ನ ಬಾಗಿಲ ಹಿಡಿಕೆಗೆ ‘ಕೇರ್‌ವೋಹೆ’ ಎಂದು ಬರೆದ ಹಲಗೆ ತೂಗುತ್ತಿತ್ತು. ಈ ವಾರ ಮೆಟ್ಟಿಲು ಮತ್ತು ಮನೆ ಮುಂದಿನ ದಾರಿ ಗುಡಿಸುವ ಪಾಳಿ ನನ್ನದು ಎಂದು ಅದರರ್ಥ. ಇದು ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ ಎಂದು ಕೆಳಮನೆಯ ಅಜ್ಜಿ ಪೊರಕೆ ಹಿಡಿದೇ ವಿವರಿಸಿದರು. ನಮ್ಮಲ್ಲಿ ನಸುಕಿನಲ್ಲಿ ಅಂಗಳ ಗುಡಿಸಿ ರಂಗೋಲಿ ಹಾಕುವುದನ್ನು ನಾನು ಮೊಬೈಲ್‌ನಲ್ಲಿ ತೋರಿಸಿದೆ. ಅಂದಿನಿಂದ ಭಾನುವಾರಗಳಂದು ಅವರೊಡನೆ ಊರು ಸುತ್ತತೊಡಗಿದೆ. ಅವರ ಮಾತಿನಲ್ಲಿ ಪುಟ್ಟ ಮನೆ ‘ಹೈಸ್ಲೆ’. ತರಗತಿಯಲ್ಲಿ ಹಾಗೆ ಕಲಿಸಿರಲಿಲ್ಲ. ಧಾರವಾಡದವಳಾದ ನನಗೆ ಇದೇನೂ ಹೊಸದಾಗಿ ಕಾಣಲಿಲ್ಲ. ನಮ್ಮಜ್ಜಿಯ ಕನ್ನಡವೂ ಪಠ್ಯಪುಸ್ತಕದ ಕನ್ನಡವಲ್ಲ.

ನದಿಗೆ ಮುಖಮಾಡಿರುವ ಹಳದಿ ಗೋಪುರವೊಂದನ್ನು ಅವರು ತೋರಿಸಿದರು. ಮನಸ್ಸು ಕದಡಿದ ಕವಿ ಹೋಲ್ಡರ್ಲಿನ್ 1807ರಿಂದ ಮೂವತ್ತಾರು ವರ್ಷ ಇದ್ದದ್ದು ಅಲ್ಲೇ. ಬಡಗಿಯೊಬ್ಬರ ಮನೆಯವರು ಅವರನ್ನು ನೋಡಿಕೊಂಡರು. ಕವಿ ತೀರಿಕೊಂಡದ್ದು 1843ರ ಜೂನ್‌ನಲ್ಲಿ ಎಂದು ಓದಿ ಅಲ್ಲೇ ನಿಂತುಬಿಟ್ಟೆ. ಮರುತಿಂಗಳ ಮೊದಲ ದಿನವೇ ಅಲ್ಲವೇ ‘ಮಂಗಳೂರು ಸಮಾಚಾರ’ ಹೊರಬಂದದ್ದು? ಅದನ್ನು ತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಊರಿನಲ್ಲಿ, ಕವಿ ಆ ಗೋಪುರದಲ್ಲಿದ್ದ ಕಾಲದಲ್ಲೇ. ಪತ್ರಿಕಾ ದಿನಾಚರಣೆಯಂದು ಮೋಗ್ಲಿಂಗ್ ಹೆಸರನ್ನು ಎಷ್ಟೋ ಸಲ ಕೇಳಿದ್ದೆ. ಅವರಿಗೂ ಒಂದು ಊರು, ಒಂದು ನದಿ ಇತ್ತೆಂದು ಯೋಚಿಸಿರಲಿಲ್ಲ.

ನಿಘಂಟಿನ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು, 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರು ಇಲ್ಲಿದ್ದಾಗಲೇ, 1895ರಿಂದ 1899ರವರೆಗೆ, ದೊಡ್ಡ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ ಹರ್ಮನ್ ಹೆಸ್ಸೆ ಎಂಬ ಹುಡುಗ ಕೆಲಸಕ್ಕಿದ್ದ. ಮಲಯಾಳ ನಿಘಂಟು ಬರೆದ ಗುಂಡರ್ಟ್ ಅವರ ಮೊಮ್ಮಗನಾತ. ಮುಂದೆ ನೊಬೆಲ್ ಪಡೆದ. ಆತನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಕಿಟೆಲ್ ಆ ಅಂಗಡಿಯ ಮೆಟ್ಟಿಲು ಹತ್ತಿದ್ದರೇ ಎಂದು ಅದರ ಮುಂದೆ ಹಾದಾಗಲೆಲ್ಲ ಅಂದುಕೊಳ್ಳುತ್ತೇನೆ.

ಗಾರ್ಟನ್ ರಸ್ತೆಗೂ ಅಜ್ಜಿ ಕರೆದೊಯ್ದರು. ಯಹೂದಿಯರು 1882ರಲ್ಲಿ ಕಟ್ಟಿಕೊಂಡ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರ್ 9ರ ರಾತ್ರಿ ನಾಜಿಗಳು ಸುಟ್ಟರು. ಈಗ ಅಲ್ಲಿರುವುದು ಒಂದು ಸ್ಮಾರಕ. ಅಷ್ಟೆಲ್ಲ ಮಾತನಾಡುವ ಅಜ್ಜಿ ಅಲ್ಲಿ ತುಟಿ ಬಿಚ್ಚಲಿಲ್ಲ. ಅವರ ಪಕ್ಕದಲ್ಲಿ ನಿಂತ ಆ ಹತ್ತು ನಿಮಿಷದಲ್ಲಿ ನನಗಾದ ಅರಿವು ಶಾಲೆಯ ಇತಿಹಾಸ ಪುಸ್ತಕದಿಂದ ಆಗಿರಲಿಲ್ಲ.

ಸಂಪಾದಕರೇ, ನನ್ನದೊಂದು ಕೋರಿಕೆ. ವಿದೇಶ ವ್ಯಾಸಂಗದ ಪುಟದಲ್ಲಿ ಅರ್ಧ ಕಾಲಂ ಜಾಗವನ್ನು ಆಯಾ ಊರಿನ ಕಥೆಗೆ ಮೀಸಲಿಡಿ. ಅಲ್ಲಿ ಓದುತ್ತಿರುವವರಿಂದಲೇ ಬರೆಸಿ. ಟ್ಯೂಬಿಂಗನ್ ಬಗ್ಗೆ ಬರೆಯಲು ನಾನು ಸಿದ್ಧ. ಹೊರಡುವವರು ಅಲ್ಲಿನ ಭಾಷೆಯನ್ನು ಪರೀಕ್ಷೆಗೆ ಬೇಕಾದಷ್ಟೇ ಕಲಿತು ನಿಲ್ಲಿಸಬಾರದು. ನೆರೆಮನೆಯವರೊಡನೆ ಹರಟುವಷ್ಟಾದರೂ ಕಲಿಯಬೇಕು. ಅಕ್ಟೋಬರ್‌ನಲ್ಲಿ ನಮ್ಮ ಕಡೆಯಿಂದ ಇಬ್ಬರು ಇಲ್ಲಿಗೆ ಬರಲಿದ್ದಾರೆ. ಅವರನ್ನೂ ಗೋಪುರಕ್ಕೆ ಕರೆದುಕೊಂಡು ಬಾ, ತಾನೂ ಬರುತ್ತೇನೆ ಎಂದು ಅಜ್ಜಿ ಈಗಲೇ ಹೇಳಿದ್ದಾರೆ.

– ವಿದ್ಯಾರ್ಥಿನಿ, ಧಾರವಾಡ (ಸದ್ಯ ಟ್ಯೂಬಿಂಗನ್, ಜರ್ಮನಿ)