ಹಪ್ಪಳದ ಲೇಖನ ಬಿಸಿಲಿರುವಾಗ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಲಸಿನಕಾಯಿ ಹಪ್ಪಳ ಮಾಡುವ ವಿಧಾನ ಓದಿದೆ. ಅಳತೆ ಸರಿಯಾಗಿದೆ, ವಿವರಣೆಯೂ ಚೆನ್ನಾಗಿದೆ. ಆದರೆ ಅದು ಬಂದದ್ದು ಜೂನ್ ಕೊನೆಯಲ್ಲಿ. ನಮ್ಮ ಸಾಗರದ ಕಡೆ ಆಗ ಉಟ್ಟ ಬಟ್ಟೆ ಒಣಗುವುದೇ ಕಷ್ಟ. ಹಪ್ಪಳಕ್ಕೆ ಬಲಿತ ಕಾಯಿ ಬೇಕು, ಮರದಲ್ಲಿ ಉಳಿದದ್ದು ಅಷ್ಟೊತ್ತಿಗೆ ಹಣ್ಣಾಗಿರುತ್ತದೆ. ಇಂಥ ಲೇಖನಗಳನ್ನು ದಯವಿಟ್ಟು ಆಯಾ ಕಾಲಕ್ಕಿಂತ ಒಂದು ತಿಂಗಳು ಮುಂಚೆಯೇ ಪ್ರಕಟಿಸಿ.

ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ, ಅಪ್ಪೆಮಿಡಿಯನ್ನೇ ತೆಗೆದುಕೊಳ್ಳಿ. ಒಳಗೆ ಗೊರಟು ಗಟ್ಟಿಯಾಗುವ ಮುಂಚೆ ಕೊಯ್ಯಬೇಕು. ಒಂದು ಮರದಲ್ಲಿ ಆ ಹದ ಇರುವುದು ಕೆಲವೇ ದಿನ. ಅಷ್ಟರೊಳಗೆ ಮರ ಹತ್ತುವವರಿಗೆ ಹೇಳಿರಬೇಕು, ಭರಣಿ ತೊಳೆದು ಬಿಸಿಲಿಗೆ ಇಟ್ಟಿರಬೇಕು, ಹರಳುಪ್ಪು ತಂದಿರಬೇಕು. ಮಿಡಿಯನ್ನು ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಪೆಟ್ಟು ಬಿದ್ದ ಮಿಡಿ ಸೇರಿದರೆ ಇಡೀ ಭರಣಿ ಕೆಡುತ್ತದೆ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರೂ ಇದ್ದಾರೆ. ಅದು ಮರಕ್ಕೆ ಮಾಡುವ ಅನ್ಯಾಯ, ಅದನ್ನೂ ಬರೆಯಿರಿ.

ಕೊಯ್ದ ದಿನ ಅಥವಾ ಮರುದಿನ ಉಪ್ಪಿಗೆ ಹಾಕಿಬಿಡಬೇಕು. ನಮ್ಮ ಮನೆಯಲ್ಲಿ ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು. ಚಿರುಟುವ ತನಕ ದಿನಾ ಕುಲುಕುತ್ತೇವೆ. ಸಾಸಿವೆ, ಮೆಣಸಿನಪುಡಿ ಆಮೇಲೆ, ಅದಕ್ಕೆ ಅವಸರವಿಲ್ಲ. ಮಿಡಿ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮರ ಹೂ ಬಿಟ್ಟಿರುವಾಗ, ಜನವರಿಯಲ್ಲಿ, ಇದನ್ನೆಲ್ಲ ಓದಿದರೆ ಪ್ರಯೋಜನ.

ಏಪ್ರಿಲ್, ಮೇ ಬಂತೆಂದರೆ ಎಲ್ಲದಕ್ಕೂ ಒಂದೇ ಅಂಗಳ, ಒಂದೇ ಬಿಸಿಲು. ಹಪ್ಪಳ, ಮಜ್ಜಿಗೆ ಮೆಣಸು, ಮುರುಗಲು (ಪುನರ್ಪುಳಿ) ಸಿಪ್ಪೆ ಎಲ್ಲ ಒಣಗಬೇಕು. ಮಧ್ಯಾಹ್ನದ ಮೇಲೆ ಗುಡುಗು ಬೇರೆ. ಹಾಗಾಗಿ ಬಿಸಿಲು ಬೇಕಾದದ್ದನ್ನು ಮೊದಲು ಮುಗಿಸಿಕೊಳ್ಳಬೇಕು. ಹಲಸಿನಕಾಯಿ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಉಪ್ಪುಸೊಳೆಗೆ ಬಿಸಿಲು ಬೇಡ, ಮೋಡವಾದ ದಿನ ಕೂತು ಸೊಳೆ ಬಿಡಿಸಿ ಭರಣಿಗೆ ತುಂಬಬಹುದು. ಮಗೆಕಾಯಿಗಂತೂ (ಸಾಂಬಾರ್ ಸೌತೆ) ಏನೂ ಮಾಡಬೇಕಿಲ್ಲ. ಬಾಳೆನಾರು ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲದ ಹುಳಿಗೆ ಆಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ಲೆಕ್ಕ ನಿಮ್ಮ ಲೇಖನಗಳಲ್ಲಿ ಇರುವುದಿಲ್ಲ. ಅಡುಗೆಯ ಅಳತೆಗಿಂತ ಕಷ್ಟದ್ದು ಇದೇ.

ನಾವು ಮರ ನೋಡಿ ತಿಳಿದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿರುವ ನನ್ನ ಸೊಸೆಗೆ ಅದು ಹೇಗೆ ಗೊತ್ತಾಗಬೇಕು? ಅವಳಿಗೆ ಕಲಿಯುವ ಆಸೆ ತುಂಬಾ ಇದೆ. ಆದರೆ ರಜೆ ಮೊದಲೇ ಕೇಳಬೇಕು, ಬಸ್ಸಿಗೆ ಸೀಟು ಹಿಡಿಯಬೇಕು. ಹಪ್ಪಳದ ಲೇಖನ ಓದಿ ಅವತ್ತೇ ಫೋನ್ ಮಾಡಿದಳು. ಮುಂದಿನ ವರ್ಷ ಬಾ ಎಂದು ಹೇಳಬೇಕಾಯಿತು. ಅವಳಂಥವರಿಗೆ ಮುಂಚೆ ತಿಳಿಸಬೇಕಾದದ್ದು ಪತ್ರಿಕೆ ಅಲ್ವಾ?

ಈ ವರ್ಷದ ಬಿಸಿಲು ಹೋಯಿತು. ಇನ್ನು ನೆಲ್ಲಿಕಾಯಿ ಇದೆ. ಡಿಸೆಂಬರ್ ಹೊತ್ತಿಗೆ ಸಂತೆಯಲ್ಲಿ ಧಾರಾಳ ಸಿಗುತ್ತದೆ. ಅದರ ಉಪ್ಪಿನಕಾಯಿಯ ಲೇಖನವನ್ನು ನವೆಂಬರ್ ಮೊದಲ ವಾರವೇ ಹಾಕಿ.

— ಒಬ್ಬ ಓದುಗಾರ್ತಿ, ಸಾಗರ ತಾಲ್ಲೂಕು