ಈ ವರ್ಷ ಯಂತ್ರ ಬೇಡ, ಕುರ್ಚಿ ಕೊಡಿ

ದಾನಿಗಳಿಗೆ ನಮಸ್ಕಾರ.

ಹೋದ ವರ್ಷ ಇದೇ ಹೊತ್ತಿಗೆ ನಿಮ್ಮಲ್ಲಿ ಕೇಳಿದ್ದು ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರಕ್ಕೆ ಹಣ. ಈ ಸಲ ಕೇಳುತ್ತಿರುವುದು ಒರಗು ಕುರ್ಚಿಗೆ, ಬಾಣಂತಿಯರ ಊಟಕ್ಕೆ, ಬಸ್ ಚಾರ್ಜಿಗೆ. ಮಕ್ಕಳ ಆರೋಗ್ಯದ ಸಂಶೋಧನೆ ಎಂದು ಹೇಳಿಕೊಂಡು ಕುರ್ಚಿ ಕೇಳುತ್ತಾರಲ್ಲ ಎಂದು ನಗಬೇಡಿ. ವರ್ಷವಿಡೀ ದುಡಿದು ನಾವು ಕಲಿತದ್ದೇ ಅಷ್ಟು.

ನಮ್ಮ ಟ್ರಸ್ಟಿನ ಪುಟ್ಟ ತಂಡ ನೋಡುತ್ತಿರುವುದು ದಿನ ತುಂಬುವ ಮೊದಲೇ ಹುಟ್ಟಿದ, ಎರಡೂವರೆ ಕಿಲೋ ಕೂಡ ತೂಗದ ಕೂಸುಗಳನ್ನು. ಇವುಗಳ ಚರ್ಮದಡಿ ಕೊಬ್ಬು ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಕೂಸು ಹಾಲೆಳೆಯುವುದನ್ನು ಬಿಡುತ್ತದೆ. ಆಮೇಲೆ ರಕ್ತದ ಸಕ್ಕರೆ ಇಳಿಯುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಡಾ. ಎಡ್ಗರ್ ರೇ ಇಂಥ ಕೂಸುಗಳನ್ನು ತಾಯಂದಿರ ಬರಿಯ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಎನ್ನುವುದು ಇದನ್ನೇ.

ಬಡ ಆಸ್ಪತ್ರೆಗಳ ಉಪಾಯ ಎಂದು ಇದನ್ನು ಬಹಳ ಕಾಲ ಮೂಗುಮುರಿದು ನೋಡಿದವರುಂಟು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಹೊರಬಂತು. ಒಂದರಿಂದ 1.8 ಕಿಲೋ ತೂಕದ ಕೂಸುಗಳು. ಸ್ಥಿತಿ ಸುಧಾರಿಸಿದ ಮೇಲೆ ಎದೆಗೆ ಕಟ್ಟಿದಾಗ 28 ದಿನಗಳೊಳಗಿನ ಸಾವು ಶೇ 15.7 ಇತ್ತು; ಹುಟ್ಟಿದ ಕೂಡಲೇ ಕಟ್ಟಿದಾಗ ಶೇ 12ಕ್ಕೆ ಇಳಿಯಿತು. ಫಲ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇರಿಸಿಕೊಳ್ಳಿ ಎಂದಿತು.

ಎಂಟು ಗಂಟೆ! ಹೇಳುವುದು ಸುಲಭ. ಸಿಸೇರಿಯನ್ ಹೊಲಿಗೆ ಮಾಯದ ಬಾಣಂತಿ ಕಬ್ಬಿಣದ ಮಂಚದ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಎಂಟು ಗಂಟೆ ಹೇಗೆ ಕೂರಬೇಕು? ನಮ್ಮ ಅಧ್ಯಯನದ ಪ್ರಶ್ನೆಯೂ ಇದೇ: ತಾಯಂದಿರು ಯಾವ ಗಳಿಗೆಯಲ್ಲಿ, ಯಾಕೆ ಬಿಚ್ಚುತ್ತಾರೆ? ಕೂಸನ್ನು ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ಕಾರಣ, ಇಷ್ಟನ್ನೂ ಪ್ರತಿ ತಾಯಿಯ ಮಂಚದ ಬಳಿ ತೂಗುಹಾಕಿದ ಚೀಟಿಯಲ್ಲಿ ಬರೆದಿಡುತ್ತಾ ಬಂದೆವು. ಕಾರಣಗಳು ಯಾವ ಪಠ್ಯಪುಸ್ತಕದಲ್ಲೂ ಸಿಗುವಂಥವಲ್ಲ. ಬೆನ್ನುನೋವು. ಹಸಿವು. ಮನೆಯಲ್ಲಿ ಬಿಟ್ಟುಬಂದ ಹಿರಿಯ ಮಗುವಿಗೆ ಜ್ವರ. ಮಳೆಗೆ ಕಟ್ಟುಬಟ್ಟೆ ಒಣಗಲಿಲ್ಲ. ‘ಹೊತ್ತುಕೊಂಡೇ ಇದ್ದರೆ ಕೂಸಿಗೆ ಅದೇ ರೂಢಿಯಾಗುತ್ತದೆ, ತೊಟ್ಟಿಲಿಗೆ ಹಾಕು’ ಎಂದ ಅತ್ತೆ.

ಅತ್ತೆಯಂದಿರನ್ನು ದೂರಿ ಪ್ರಯೋಜನವಿಲ್ಲ. ಒಬ್ಬ ಅಜ್ಜಿಯ ಎದೆಗೇ ಮೊಮ್ಮಗಳನ್ನು ಕಟ್ಟಿ ಕೂರಿಸಿದೆವು. ತಾಯಿ ಅಷ್ಟು ಹೊತ್ತು ಮಲಗಿ ನಿದ್ದೆ ಮಾಡಿದಳು. ಮರುದಿನದಿಂದ ಹೊಸ ಬಾಣಂತಿಯರ ಕಡೆಯವರಿಗೆ ಕಟ್ಟುವ ಬಗೆಯನ್ನು ಆ ಅಜ್ಜಿಯೇ ತೋರಿಸತೊಡಗಿದರು, ನಮ್ಮ ಭಾಷಣಗಳಿಗಿಂತ ಚೆನ್ನಾಗಿ.

ಸೋತದ್ದನ್ನೂ ಹೇಳಬೇಕು. ಮನೆಗೆ ಹೋದ ಮೇಲೆ ತೂಕ ನೋಡಿಸಲು ಬನ್ನಿ ಎಂದು ದಿನಾಂಕ ಬರೆದುಕೊಟ್ಟರೂ ಬಾರದವರಿದ್ದಾರೆ. ಎರಡು ಬಸ್ ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಬರಬೇಕು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಪ್ಪು ನಮ್ಮದು. ಮುಂದಿನ ವರ್ಷ ಬಸ್ ಚಾರ್ಜು ಕೊಡುತ್ತೇವೆ. ಅದಕ್ಕೂ ಬಾರದವರ ಮನೆಗೆ ತೂಕದ ಯಂತ್ರ ಹಿಡಿದು ನಾವೇ ಹೋಗುತ್ತೇವೆ.

ಹಾಗಾಗಿ ಈ ವರ್ಷದ ಬೇಡಿಕೆ ಹೀಗಿದೆ. ಹಿಂದಕ್ಕೆ ಒರಗಿ ಮಲಗಬಹುದಾದ ಕುರ್ಚಿಗಳು. ಮೆತ್ತನೆಯ ಹತ್ತಿಯ ಕಟ್ಟುಬಟ್ಟೆ, ಕುಲಾವಿ, ಕಾಲುಚೀಲ. ತಾಯಿಗೂ ಜೊತೆಗೆ ಇರುವವರಿಗೂ ಬಿಸಿರೊಟ್ಟಿ, ಸಬ್ಬಸಿಗೆ ಪಲ್ಯ, ಬೇಳೆಸಾರು. ಹಿರಿಯ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಬ್ಬ ಆಯಾಳ ಸಂಬಳ. ವಸ್ತುರೂಪದಲ್ಲಿ ಕೊಡುವವರು ದಯವಿಟ್ಟು ಮೊದಲು ನಮ್ಮನ್ನು ಕೇಳಿ. ಪಾಲಿಯೆಸ್ಟರ್ ಹೊದಿಕೆಗಳು ಕಪಾಟಿನ ತುಂಬ ಇವೆ, ಕೂಸುಗಳಿಗೆ ಅವು ಬೇಡ.

ಹಣವನ್ನು ಚೆಕ್ ಅಥವಾ ಯುಪಿಐ ಮೂಲಕ ಕಳುಹಿಸಿದರೆ ಒಳ್ಳೆಯದು. ಎರಡು ಸಾವಿರ ರೂಪಾಯಿಗೂ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ. ಎಷ್ಟೇ ಕೊಟ್ಟರೂ ರಸೀದಿ ಕೊಡುತ್ತೇವೆ. ಖರ್ಚಿನ ಪುಸ್ತಕ ಕಚೇರಿಯ ಮೇಜಿನ ಮೇಲೆಯೇ ಇರುತ್ತದೆ, ಬಂದವರು ತಿರುವಿ ನೋಡಬಹುದು.

ಚಳಿ ಶುರುವಾಗುವುದರೊಳಗೆ ಕುರ್ಚಿಗಳು ವಾರ್ಡಿಗೆ ಬರಬೇಕು. ಬಡಗಿಗೆ ಮುಂಗಡ ಕೊಡುವುದು ಬಾಕಿ ಇದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ